ಗಾಳಿಗೆ ದಾರಿ ಬಿಡುವ ಉಪಕರಣಗಳು: ಮನೆಯಲ್ಲಿ ಸಿಗಾರ್ ಸುತ್ತುವ ಹಳೆಯ ಸಾಧನಗಳ ಬಗ್ಗೆ

(ಹಳೆಯ ಮರದ ಸಾಮಾನುಗಳಲ್ಲಿ ಆಸಕ್ತಿ ಇರುವವರಿಗಾಗಿ ಮೈಸೂರಿನಲ್ಲಿ, ಉಪಕರಣಗಳನ್ನು ಮೇಜಿನ ಮೇಲಿಟ್ಟು ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೇಜಿನ ತುದಿಯಲ್ಲಿರುವ ಈ ಉದ್ದನೆಯ ಮರದ ಜೋಡಿಯನ್ನು ನಿಮ್ಮಲ್ಲಿ ಕೆಲವರು ಅಂಗಡಿಗಳಲ್ಲಿ ಕಂಡಿರಬಹುದು. ಗೋಡೆಗೆ ನೇತುಹಾಕಲು, ಪೆನ್ನು ಇಡಲು, ಅಡುಗೆಮನೆಯ ಅಲಂಕಾರಕ್ಕೆ ಅಂತ ಮಾರುತ್ತಾರೆ. ಇದು ಸಿಗಾರ್ ಅಚ್ಚು. ಕೆಳಗಿನ ಹೋಳಿನಲ್ಲಿ ಸಾಲಾಗಿ ಗುಳಿಗಳು, ಮೇಲಿನ ಹೋಳಿನಲ್ಲಿ ಅವಕ್ಕೆ ಸರಿಯಾಗಿ ಕೂರುವ ಗುಳಿಗಳು. 10 ಅಥವಾ 20 ಗುಳಿಗಳಿರುವುದು ಸಾಮಾನ್ಯ. ಇದರ ಪಕ್ಕದಲ್ಲಿ ಹಲಗೆ, ಹಿಡಿ ಇಲ್ಲದ ಚಂದ್ರಾಕಾರದ ಕತ್ತಿ, ರಂಧ್ರಗಳಿರುವ ಅಳತೆ ಪಟ್ಟಿ, ಸ್ಕ್ರೂ ಪ್ರೆಸ್, ಗೋಂದಿನ ಬಟ್ಟಲು ಇವೆ. ಮನೆಯಲ್ಲಿ ಸಿಗಾರ್ ಸುತ್ತಲು ಬೇಕಾದದ್ದು ಇಷ್ಟೇ.

ಸಿಗಾರ್‌ಗೆ ಫಿಲ್ಟರ್ ಇಲ್ಲ, ಕಾಗದವಿಲ್ಲ. ಎಲೆಗಳ ಮಡಿಕೆಗಳ ನಡುವೆ ಉಳಿದ ಸಣ್ಣ ಸಣ್ಣ ಸಂದುಗಳಲ್ಲೇ ಗಾಳಿ 12–14 ಸೆಂಟಿಮೀಟರ್ ಸಾಗಬೇಕು. ಆ ಸಂದು ಮುಚ್ಚಿದರೆ ಬೆಂಕಿ ಆರುತ್ತದೆ. ಹೆಚ್ಚು ತೆರೆದರೆ ಬೇಗ ಉರಿದು ಹೊಗೆ ಬಿಸಿಯಾಗಿ ಕಹಿಯಾಗುತ್ತದೆ. ಈ ಮೇಜಿನ ಮೇಲಿರುವ ಪ್ರತಿಯೊಂದು ಸಾಧನವೂ ಗಾಳಿಯ ಆ ದಾರಿಯನ್ನು ಕಾಪಾಡಲೆಂದೇ ಹುಟ್ಟಿದ್ದು. ಹಳೆಯ ಸಾಧನ ಕೊಳ್ಳುವಾಗಲೂ ನೋಡಬೇಕಾದದ್ದು ಅದನ್ನೇ. ಹೊಳಪು, ಕೆತ್ತನೆ, ವಯಸ್ಸು ಎಲ್ಲ ಆಮೇಲೆ.

ಮೊದಲು ಎರಡು ಎಚ್ಚರಿಕೆ. ತಂಬಾಕು ಚಟ ಹಿಡಿಸುತ್ತದೆ, ಸಿಗಾರ್ ಹೊಗೆಯಿಂದ ಬಾಯಿ ಮತ್ತು ಗಂಟಲ ಕ್ಯಾನ್ಸರ್ ಬರುತ್ತದೆ. ಸಿಗಾರ್ ಎಂದ ಮಾತ್ರಕ್ಕೆ ಅಪಾಯ ಕಡಿಮೆಯಾಗುವುದಿಲ್ಲ. ಎರಡನೆಯದು ಕೈಗೆ ಸಂಬಂಧಿಸಿದ್ದು. ಒದ್ದೆ ತಂಬಾಕಿನಿಂದ ನಿಕೋಟಿನ್ ಚರ್ಮದ ಮೂಲಕ ಒಳಗೆ ಹೋಗುತ್ತದೆ. ಗಂಟೆಗಟ್ಟಲೆ ಬರಿಗೈಯಲ್ಲಿ ಕೂತರೆ ತಲೆಸುತ್ತು, ವಾಕರಿಕೆ ಬರಬಹುದು. ಎಲೆ ನೆನೆಸುವಾಗ, ನಾರು ಬಿಡಿಸುವಾಗ ತೆಳುವಾದ ಕೈಗವಸು ಹಾಕಿ, ಕಿಟಕಿ ತೆರೆದಿಡಿ. ಈ ಹಲಗೆಯೂ ಕತ್ತಿಯೂ ಮತ್ತೆ ಅಡುಗೆಮನೆಗೆ ಹೋಗಬಾರದು.

ಅಚ್ಚು ಬಂದ ಬಗೆ

ಅಚ್ಚು ಬರುವ ಮೊದಲು ಸಿಗಾರ್ ಕಟ್ಟು, ಅಂದರೆ ಹೊದಿಕೆ ಎಲೆಯ ಒಳಗಿನ ಎಲೆಗಳ ಕಂತೆ, ಪೂರ್ತಿ ಕೈಯಲ್ಲೇ ರೂಪುಗೊಳ್ಳುತ್ತಿತ್ತು. ಆ ಕೈ ಪಳಗಲು ವರ್ಷಗಳು ಬೇಕು. ಜರ್ಮನಿಯ ಮರದ ಅಚ್ಚುಗಳು 1870ರ ಸುಮಾರಿಗೆ ಅಮೆರಿಕಕ್ಕೆ ಬಂದಾಗ ಕೆಲಸ ಎರಡಾಗಿ ಒಡೆಯಿತು. ಒಬ್ಬರು ಕಟ್ಟು ಮಾಡಿ ಅಚ್ಚಿಗೆ ಇಡುವುದು, ಇನ್ನೊಬ್ಬರು ಹೊರಗಿನ ಎಲೆ ಸುತ್ತುವುದು. ಹೊಸಬರೂ ಕೆಲವೇ ವಾರಗಳಲ್ಲಿ ಒಂದೇ ಅಳತೆಯ ಮಾಲು ತೆಗೆಯುವಂತಾಯಿತು. ಪಳಗಿದ ಕೆಲಸಗಾರರು ಅಚ್ಚನ್ನು ವಿರೋಧಿಸಿದ್ದು ಇದಕ್ಕೇ. ಮುಂದೆ ಅಮೆರಿಕದ ಕಾರ್ಮಿಕ ಒಕ್ಕೂಟದ ನಾಯಕರಾದ ಸ್ಯಾಮ್ಯುಯೆಲ್ ಗೋಂಪರ್ಸ್ ಸ್ವತಃ ಸಿಗಾರ್ ಕೆಲಸಗಾರರು.

ಮನೆಯಲ್ಲಿ ಸಿಗಾರ್ ಸುತ್ತುವುದು ಆ ಕಾಲದಲ್ಲಿ ಹವ್ಯಾಸವಾಗಿರಲಿಲ್ಲ. ನ್ಯೂಯಾರ್ಕಿನ ವಠಾರಗಳಲ್ಲಿ ಇಡೀ ಕುಟುಂಬಗಳು ಮಲಗುವ ಕೋಣೆಯಲ್ಲೇ ಎಲೆ ಹರಡಿಕೊಂಡು ದುಡಿಯುತ್ತಿದ್ದವು. ಅದನ್ನು ನಿಷೇಧಿಸಿ ಅಲ್ಲಿ 1884ರಲ್ಲಿ ಕಾನೂನು ಬಂತು, 1885ರಲ್ಲಿ ನ್ಯಾಯಾಲಯ ಆ ಕಾನೂನನ್ನು ರದ್ದು ಮಾಡಿತು. ಇಂದು ಹಳೆಯ ಸಾಮಾನಿನ ಪೇಟೆಯಲ್ಲಿ ಸಿಗುವ ಸಣ್ಣ ಹಲಗೆ, ಸಣ್ಣ ಕತ್ತಿಗಳನ್ನು ನೋಡುವಾಗ ಆ ವಠಾರದ ಕೈಗಳೂ ನೆನಪಿರಲಿ. 1920ರ ದಶಕದಲ್ಲಿ ದೊಡ್ಡ ಯಂತ್ರಗಳು ಬಂದ ಮೇಲೆ ಮರದ ಅಚ್ಚುಗಳು ರಾಶಿ ರಾಶಿಯಾಗಿ ಮೂಲೆ ಸೇರಿದವು. ಅವು ಈಗಲೂ ಇಷ್ಟೊಂದು ಸಿಗುವುದಕ್ಕೆ ಅದೂ ಒಂದು ಕಾರಣ. ಅಮೆರಿಕದ ಸಿನ್ಸಿನ್ಯಾಟಿಯ ಮಿಲ್ಲರ್, ಡ್ಯೂಬ್ರೂಲ್ ಅಂಡ್ ಪೀಟರ್ಸ್ ಕಂಪನಿಯ ಮುದ್ರೆ ಇರುವ ಅಚ್ಚುಗಳು ಪ್ರಸಿದ್ಧ. ಜರ್ಮನಿಯ ಅಚ್ಚುಗಳೂ ಚೆನ್ನಾಗಿಯೇ ಬಾಳುತ್ತವೆ.

ಹಳೆಯ ಅಚ್ಚು ಕೊಳ್ಳುವಾಗ

ಮೊದಲು ಎರಡೂ ಹೋಳುಗಳ ತುದಿಯಲ್ಲಿ ಒತ್ತಿದ ಸಂಖ್ಯೆ ನೋಡಿ. ಎರಡರಲ್ಲೂ ಅದೇ ಸಂಖ್ಯೆ ಇರಬೇಕು. ವ್ಯಾಪಾರಿಗಳು ಬೇರೆ ಬೇರೆ ಅಚ್ಚುಗಳ ಹೋಳುಗಳನ್ನು ಜೋಡಿ ಮಾಡಿ ಮಾರುವುದುಂಟು. ಕಣ್ಣಿಗೆ ಸರಿಯಾಗಿ ಕಾಣುತ್ತವೆ, ಆದರೆ ಗುಳಿಗಳು ಒಂದು ಮಿಲಿಮೀಟರ್ ಆಚೀಚೆ ಆದರೂ ಕಟ್ಟಿನ ಎರಡೂ ಬದಿಯಲ್ಲಿ ಏಣು ಏಳುತ್ತದೆ, ಅಲ್ಲಿ ಎಲೆ ನಜ್ಜುಗುಜ್ಜಾಗುತ್ತದೆ. ಮೇಲಿನ ಹೋಳನ್ನು ಇಟ್ಟು ಬೆರಳಿನಿಂದ ಪಕ್ಕಕ್ಕೆ ತಳ್ಳಿ. ಅಲ್ಲಾಡಬಾರದು. ಅಲ್ಲಾಡಿದರೆ ಕೂಡಿಸುವ ಗೂಟಗಳು ಸವೆದಿವೆ ಎಂದರ್ಥ. ಇದನ್ನು ಒಳ್ಳೆಯ ಬಡಗಿ ಸರಿಮಾಡಬಲ್ಲರು: ಹಳೆಯ ಗೂಟ ತೆಗೆದು, ತೂತನ್ನು ಹಿಗ್ಗಿಸಿ, ಹೊಸ ಗೂಟ ಕೂರಿಸಬೇಕು.

ಆದರೆ ಉದ್ದಕ್ಕೆ ತಿರುಚಿಕೊಂಡ ಅಚ್ಚನ್ನು ಯಾರೂ ಸರಿಮಾಡಲಾರರು. ಅದನ್ನು ಸಮತಟ್ಟಾದ ಗ್ರಾನೈಟ್ ಕಲ್ಲಿನ ಮೇಲಿಟ್ಟು ನಾಲ್ಕೂ ಮೂಲೆಯನ್ನು ಒಂದೊಂದಾಗಿ ಒತ್ತಿ ನೋಡಿ. ಕುಣಿದರೆ ಬಿಡಿ, ಅದು ಗೋಡೆಗೇ ಸರಿ. ಎಳೆದು ಬಿಗಿಮಾಡಿ ಕೂರಿಸುತ್ತೇನೆಂದು ಪ್ರೆಸ್ಸಿಗೆ ಹಾಕಿದರೆ ಒಂದು ತುದಿಯ ಸಿಗಾರ್‌ಗಳು ಕಲ್ಲಾಗುತ್ತವೆ, ಇನ್ನೊಂದು ತುದಿಯವು ಸಡಿಲ.

ಮೂರನೆಯದಾಗಿ ಮೂಸಿ ನೋಡಿ. ಹಳೆಯ ತಂಬಾಕಿನ ವಾಸನೆ ಒಳ್ಳೆಯದು. ನುಸಿಗುಳಿಗೆ, ಸೀಮೆಎಣ್ಣೆ, ವಾರ್ನಿಷ್ ವಾಸನೆ ಬಂದರೆ ಬಳಕೆಗೆ ಬೇಡ. ಮರ ಒಮ್ಮೆ ಕುಡಿದ ವಾಸನೆಯನ್ನು ಎಲೆಗೆ ದಾಟಿಸದೆ ಬಿಡುವುದಿಲ್ಲ. ಗುಳಿಯ ಒಳಗೆ ಬಣ್ಣ ಬಳಿದಿದ್ದರೂ ಬಿಟ್ಟುಬಿಡಿ.

ಸ್ವಚ್ಛ ಮಾಡಲು ನೀರಿನಲ್ಲಿ ನೆನೆಸಬೇಡಿ. ಮರ ಉಬ್ಬಿ, ಒಣಗುವಾಗ ಸೊಟ್ಟಗಾಗುತ್ತದೆ. ಒಣ ಬ್ರಷ್ಷಿನಿಂದ ಗುಳಿ ಗುಳಿಯನ್ನೂ ಉಜ್ಜಿ, ಹಿಂಡಿದ ಒದ್ದೆ ಬಟ್ಟೆಯಿಂದ ಒಂದೇ ಸಲ ಒರೆಸಿ, ನೆರಳಿನಲ್ಲಿ ಎರಡು ದಿನ ಒಣಗಿಸಿ. ನಮ್ಮ ಮಾರ್ಚ್–ಏಪ್ರಿಲ್ ಬಿಸಿಲಿಗೆ ನೇರ ಇಟ್ಟರೆ ಬಿರುಕು ಖಚಿತ. ಎಣ್ಣೆ ಹಚ್ಚಬೇಡಿ. ಅಗಸೆ ಎಣ್ಣೆ ಮರಕ್ಕೆ ಮೆರುಗು ಕೊಡುತ್ತದೆ, ಎಲೆಗೆ ಕಮಟು ಕೊಡುತ್ತದೆ. ಗುಳಿಯಲ್ಲಿ ಸಿಬಿರು ಎದ್ದಿದ್ದರೆ ನಯವಾದ ಉಪ್ಪುಕಾಗದವನ್ನು ಗುಳಿಗಿಂತ ತುಸು ಸಣ್ಣ ಕೋಲಿಗೆ ಸುತ್ತಿ ಮೆಲ್ಲಗೆ ಆಡಿಸಿ. ಹೆಚ್ಚು ಉಜ್ಜಿದರೆ ಅಳತೆಯೇ ಬದಲಾಗುತ್ತದೆ.

ಅಳತೆಯ ಲೆಕ್ಕ ಹೀಗಿದೆ. ಸಿಗಾರ್ ದಪ್ಪವನ್ನು ರಿಂಗ್ ಗೇಜ್ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ, ಒಂದು ರಿಂಗ್ ಅಂದರೆ ಇಂಚಿನ 64ನೇ ಒಂದು ಭಾಗ. 42 ಅಂದರೆ 16.7 ಮಿಲಿಮೀಟರ್, 50 ಅಂದರೆ 19.8. ರೋಬಸ್ಟೊ ಎಂಬ ಬಗೆ 5 ಇಂಚು ಉದ್ದ, 50 ರಿಂಗ್. ಕರೋನ ಸುಮಾರು ಐದೂವರೆ ಇಂಚು, 42 ರಿಂಗ್. ರಂಧ್ರಗಳ ಹಿತ್ತಾಳೆ ಅಥವಾ ಮರದ ಪಟ್ಟಿ ಇದನ್ನೇ ಅಳೆಯುವುದು. ಅದಿಲ್ಲದಿದ್ದರೆ ವರ್ನಿಯರ್ ಸಾಕು. ಎರಡು ತುದಿಯೂ ಚೂಪಾದ ಅಚ್ಚುಗಳು ಹಳೆಯವುಗಳಲ್ಲಿ ಬಹಳ. ನೋಡಲು ಚೆಂದ, ಕಲಿಯುವವರಿಗೆ ಕಷ್ಟ, ಏಕೆಂದರೆ ತುದಿಗೆ ಹೋದಂತೆ ಎಲೆಯನ್ನು ಕ್ರಮವಾಗಿ ಕಡಿಮೆ ಮಾಡಬೇಕು. ಮೊದಲ ಅಚ್ಚು ನೇರ ಆಕಾರದ್ದೇ ಇರಲಿ, 46ರಿಂದ 50 ರಿಂಗ್.

ಹಲಗೆ, ಕತ್ತಿ, ಪ್ರೆಸ್

ಅಮೆರಿಕದ ಹಳೆಯ ಹಲಗೆಗಳು ಗಟ್ಟಿ ಮೇಪಲ್ ಮರದವು. ಹಲಗೆ ಗಟ್ಟಿಯಾಗಿರಬೇಕು, ಆದರೆ ಕತ್ತಿಯ ಅಂಚನ್ನು ಮುರಿಯಬಾರದು. ಮರದ ಎಳೆ ಮೇಲ್ಮುಖವಾಗಿ ನಿಂತಿರುವ ಅಡ್ಡಗೊಯ್ತದ ತುಂಡಾದರೆ ಕತ್ತಿ ಎಳೆಗಳ ನಡುವೆ ಇಳಿದು ಎದ್ದುಬರುತ್ತದೆ, ಗೆರೆ ಉಳಿಯುವುದಿಲ್ಲ. ಉದ್ದಗೊಯ್ತದ ಹಲಗೆಯಲ್ಲಿ ಹಳೆಯ ಗೆರೆಗೆ ಕತ್ತಿ ಜಾರಿ ಎಲೆ ವಕ್ರವಾಗಿ ಕತ್ತರಿಸುತ್ತದೆ. ಇದಕ್ಕೆ ವಿದೇಶದ ಮರ ತರಿಸಬೇಕಿಲ್ಲ. ಮಾಂಸದ ಅಂಗಡಿಗೆ ಹುಣಸೆ ಕೊರಡು ಬಳಸುವುದು ಯಾವ ಗುಣಕ್ಕೋ ಅದೇ ಗುಣ ಇಲ್ಲಿಗೂ ಬೇಕು. ಚೆನ್ನಾಗಿ ಒಣಗಿದ ಹುಣಸೆ ಮರದ ಅಡ್ಡಗೊಯ್ತದ ತುಂಡು, 30 ಸೆಂಟಿಮೀಟರ್ ಅಗಲ, 40 ಉದ್ದ, 4 ದಪ್ಪ ಇದ್ದರೆ ಸಾಕು. ಹಸಿ ಮರ ಬೇಡ, ಒಣಗುತ್ತಾ ನಡುವೆ ಸೀಳುತ್ತದೆ.

ಚವೆಟಾ ಎಂಬ ಈ ಕತ್ತಿಗೆ ಹಿಡಿ ಇಲ್ಲದಿರುವುದಕ್ಕೆ ಕಾರಣವಿದೆ. ಇದನ್ನು ತೂಗುವಂತೆ ಆಡಿಸಿ ಕತ್ತರಿಸುತ್ತಾರೆ, ಮೂಲೆಯನ್ನು ಎಳೆದು ಗೆರೆ ಹಾಕುತ್ತಾರೆ, ಚಪ್ಪಟೆ ಬದಿಯನ್ನು ಅಂಗೈಯಡಿ ಇಟ್ಟು ಸಿಗಾರ್ ಉರುಳಿಸಿ ನಯ ಮಾಡುತ್ತಾರೆ. ಹಿಡಿ ಇದ್ದರೆ ಮೂರನೆಯದು ಆಗದು. ಯಂತ್ರಗರಗಸದ ಹಳೆಯ ಬ್ಲೇಡಿನಿಂದ ಸಾಣೆಯವರ ಹತ್ತಿರ ಇದನ್ನು ಮಾಡಿಸಬಹುದು. ಸಾಣೆಕಲ್ಲಿನಲ್ಲಿ ಉಕ್ಕು ನೀಲಿಯಾಗುವಷ್ಟು ಕಾಯದಂತೆ ಆಗಾಗ ನೀರಿಗೆ ಅದ್ದಬೇಕು, ಕಾದರೆ ಹದ ಹೋಗುತ್ತದೆ. ಬಳಸಿದ ಮೇಲೆ ಒರೆಸಿ ಒಣಗಿಸಿ. ತುಕ್ಕು ಒದ್ದೆ ಎಲೆಗೆ ತಾಕಿದರೆ ಕಪ್ಪು ಕಲೆ ಬೀಳುತ್ತದೆ. ಮೊಂಡಾದ ಕತ್ತಿ ಎಲೆಯನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಹರಿದ ಅಂಚು ಸುತ್ತುವಾಗ ಅಲ್ಲಿಂದಲೇ ಸೀಳುತ್ತದೆ.

ಪ್ರೆಸ್ ವಿಷಯದಲ್ಲಿ ಮೈಸೂರಿನವರು ಅದೃಷ್ಟವಂತರು. ಹಳೆಯ ಮುದ್ರಣಾಲಯಗಳು ಮುಚ್ಚಿದಾಗ ಪುಸ್ತಕ ಬೈಂಡಿಂಗಿನ ಬೀಡು ಕಬ್ಬಿಣದ ಪ್ರೆಸ್‌ಗಳು ಗುಜರಿಗೆ ಬರುತ್ತವೆ. ಸಿಗಾರ್ ಪ್ರೆಸ್ಸೂ ಅದೇ ವಿನ್ಯಾಸ: ಕೆಳಗೊಂದು ತಟ್ಟೆ, ಮೇಲೊಂದು ತಟ್ಟೆ, ನಡುವೆ ಸ್ಕ್ರೂ. ಸ್ಕ್ರೂವಿನ ಎಳೆ ಸವೆದಿಲ್ಲವೇ, ಚೌಕಟ್ಟಿಗೆ ಬೆಸುಗೆ ಬಿದ್ದಿದೆಯೇ ನೋಡಿ. ಬೀಡು ಕಬ್ಬಿಣಕ್ಕೆ ಬಿದ್ದ ಬೆಸುಗೆ ಒತ್ತಡಕ್ಕೆ ಮತ್ತೆ ಬಿಡಬಹುದು. ಒಂದೇ ಅಚ್ಚಿದ್ದರೆ ಬಡಗಿಯ ಎರಡು ಜಿ-ಕ್ಲ್ಯಾಂಪ್ ಸಾಕು. ಅಚ್ಚಿನ ಮೇಲೆ ಕೆಳಗೆ ಒಂದೊಂದು ದಪ್ಪ ಹಲಗೆ ಇಟ್ಟು ಎರಡನ್ನೂ ಸಮವಾಗಿ, ಕಾಲು ಸುತ್ತು ಇದನ್ನು ಕಾಲು ಸುತ್ತು ಅದನ್ನು, ಬಿಗಿಯುತ್ತಾ ಹೋಗಬೇಕು.

ಲೀವರ್ ಎಳೆದರೆ ಬಟ್ಟೆ ಅಥವಾ ರಬ್ಬರ್ ಹಾಳೆಯೊಂದು ಎಲೆಯನ್ನು ಸುತ್ತಿಕೊಡುವ ಕೈಯಂತ್ರಗಳೂ ಇವೆ. ಲೀಬರ್‌ಮನ್ ಎಂಬ ಹೆಸರಿನಲ್ಲಿ ಸಿಗಾರ್ ತಯಾರಿಸುವ ದೇಶಗಳಲ್ಲಿ ಇವತ್ತಿಗೂ ನಡೆಯುತ್ತಿವೆ. ಹಳೆಯದನ್ನು ಕೊಂಡರೆ ಹಾಳೆ ಬದಲಿಸಲೇಬೇಕು. ಬಿರುಕು ಬಿಟ್ಟ ಹಾಳೆ ಒಂದು ಕಡೆ ಬಿಗಿದು ಇನ್ನೊಂದು ಕಡೆ ಸಡಿಲಬಿಡುತ್ತದೆ. ಕಲಿಯುವವರಿಗೆ ಇದನ್ನು ಸಲಹೆ ಮಾಡುವುದಿಲ್ಲ. ಬಿಗಿ ಎಷ್ಟಿರಬೇಕೆಂದು ಬೆರಳಿಗೆ ತಿಳಿದ ಮೇಲೆ ಯಂತ್ರ ಒಳ್ಳೆಯದು.

ಎಲೆಯ ಹದ ಮತ್ತು ಕೆಲಸದ ಕ್ರಮ

ಮೈಸೂರಿನಲ್ಲಿ ಬೀಡಿ ಕಟ್ಟುವ ಮನೆಗಳನ್ನು ನೋಡಿದವರಿಗೆ ಗೊತ್ತು. ತೂಪ್ರದ ಎಲೆಯನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ತಗಡಿನ ಅಳತೆ ಇಟ್ಟು ಕತ್ತರಿಸುತ್ತಾರೆ. ಮೊರ, ಕತ್ತರಿ, ತಗಡು, ದಾರ, ಅಷ್ಟೇ ಸಾಧನ. ಎಲೆಯ ಹದ ತಪ್ಪಿದರೆ ಯಾವ ಸಾಧನವೂ ಕೆಲಸಕ್ಕೆ ಬಾರದು ಎಂಬುದು ಅಲ್ಲಿಗೂ ಇಲ್ಲಿಗೂ ಒಂದೇ. ವ್ಯತ್ಯಾಸವೆಂದರೆ ಸಿಗಾರ್‌ನಲ್ಲಿ ಮೂರು ಎಲೆಗೆ ಮೂರು ಹದ. ಒಳಗಿನ ಫಿಲ್ಲರ್ ಮಡಿಸಿದರೆ ಪುಡಿಯಾಗಬಾರದು, ಹಿಸುಕಿ ಬಿಟ್ಟರೆ ಅರಳಬೇಕು. ಅದನ್ನು ಕಟ್ಟುವ ಬೈಂಡರ್ ಅದಕ್ಕಿಂತ ಮೆದು. ಹೊರಗಿನ ಹೊದಿಕೆ ಎಲೆ ಹಿಂಡಿದ ಹತ್ತಿ ಬಟ್ಟೆಯಷ್ಟು ಮೆತ್ತಗಿದ್ದು, ಎಳೆದರೆ ತುಸು ಹಿಗ್ಗಬೇಕು. ನೀರು ಸಿಂಪಡಿಸಿ ಪಾಲಿಥೀನ್ ಚೀಲದಲ್ಲಿ ಕಟ್ಟಿಟ್ಟು ಅರ್ಧ ಗಂಟೆ ಬಿಡಿ. ಬೇಸಿಗೆಯಲ್ಲಿ ಹಲಗೆಯ ಮೇಲೆ ಬಿಚ್ಚಿಟ್ಟ ಹೊದಿಕೆ ಎಲೆ ಕೆಲವೇ ನಿಮಿಷದಲ್ಲಿ ಒಣಗುತ್ತದೆ. ಒಂದೊಂದೇ ಹೊರತೆಗೆಯಿರಿ, ಫ್ಯಾನ್ ಆರಿಸಿ.

ತೂಕ ಅಂದಾಜಿಗೆ ಬಿಡಬೇಡಿ, ಅರ್ಧ ಗ್ರಾಂ ತೋರಿಸುವ ಸಣ್ಣ ತಕ್ಕಡಿ ಈ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಉಪಕಾರಿ ಸಾಧನ. 5 ಇಂಚಿನ 50 ರಿಂಗ್ ಸಿಗಾರ್‌ನ ಘನ ಅಳತೆ ಸುಮಾರು 39 ಘನ ಸೆಂಟಿಮೀಟರ್. ಅದಕ್ಕೆ ಒಟ್ಟು 13–15 ಗ್ರಾಂ ಎಲೆ ಹಿಡಿಸುತ್ತದೆ. ಮೊದಲ ಸಲ ಫಿಲ್ಲರ್ 11 ಗ್ರಾಂ ಇಟ್ಟುಕೊಂಡು ಅಲ್ಲಿಂದ ಮೇಲೆ ಕೆಳಗೆ ಹೋಗಿ.

ಎಲೆಯ ನಡುನರ ತೆಗೆಯಬೇಕು. ಫಿಲ್ಲರ್ ಎಲೆಗಳನ್ನು ಒಂದರ ಮೇಲೊಂದು ಇಟ್ಟು ಪುಸ್ತಕದಂತೆ ಮಡಚುವುದು ಸುಲಭ, ಆದರೆ ಮಡಿಕೆಯ ಬೆನ್ನು ಒಂದೇ ಬದಿಗೆ ಬಿದ್ದು ಅಲ್ಲಿ ಗಾಳಿ ಹೋಗದೆ ಸಿಗಾರ್ ಓರೆಯಾಗಿ ಉರಿಯುತ್ತದೆ. ಒಂದೊಂದು ಎಲೆಯನ್ನೂ ಸಡಿಲ ಕೊಳವೆಯಂತೆ ಸುರುಳಿ ಮಾಡಿ ಜೋಡಿಸುವುದು ನಿಧಾನವಾದರೂ ಅದೇ ಉತ್ತಮ. ಪ್ರತಿ ಎಲೆಯೂ ತನ್ನದೇ ದಾರಿ ಬಿಡುತ್ತದೆ. ದಪ್ಪ, ಖಾರದ ಎಲೆ ನಿಧಾನವಾಗಿ ಉರಿಯುವುದರಿಂದ ಅದನ್ನು ನಡುವೆ ಇಡಿ, ತೆಳು ಎಲೆ ಸುತ್ತಲೂ ಇರಲಿ. ಕಟ್ಟನ್ನು ಕೈಯಲ್ಲಿ ಹಿಡಿದು ಹಿಂಡಬೇಡಿ, ತಿರುಚಲೇಬೇಡಿ. ತಿರುಚಿದ ಜಾಗದಲ್ಲಿ ಎಲ್ಲ ಕೊಳವೆಗಳೂ ಒಟ್ಟಿಗೆ ಮುಚ್ಚುತ್ತವೆ. ಎಳೆತ ಬಿಗಿಯಾದ, ಅಂದರೆ ಎಳೆದರೆ ಗಾಳಿ ಸರಾಗವಾಗಿ ಬಾರದ, ಸಿಗಾರ್ ಬಿಚ್ಚಿ ನೋಡಿದರೆ ಬಹಳ ಸಲ ಸಿಗುವುದು ಇಂಥ ಒಂದು ಗಂಟೇ.

ಬೈಂಡರ್ ಎಲೆಯನ್ನು ಓರೆಯಾಗಿ ಹರಡಿ, ಕಟ್ಟನ್ನು ಅದರ ಮೂಲೆಯಲ್ಲಿಟ್ಟು ಅಂಗೈಯಿಂದ ಉರುಳಿಸಿ, ಅಚ್ಚಿನ ಗುಳಿಗೆ ಇಡಿ. ಎರಡೂ ತುದಿಯ ಹೆಚ್ಚುವರಿ ಎಲೆ ಕತ್ತರಿಸಿ. ಮೇಲಿನ ಹೋಳು ಇಟ್ಟಾಗ ಎರಡು ಮೂರು ಮಿಲಿಮೀಟರ್ ಎತ್ತರದಲ್ಲಿ ನಿಂತು, ಪ್ರೆಸ್ ಬಿಗಿದಾಗ ಕೂರಬೇಕು. ಬಲ ಹಾಕಿದರೂ ಕೂರದಿದ್ದರೆ ಎಲೆ ಹೆಚ್ಚಾಗಿದೆ, ಒಂದು ಗ್ರಾಂ ತೆಗೆಯಿರಿ. ಮುಟ್ಟಿದೊಡನೆ ಕೂತರೆ ಕಡಿಮೆ. ಎಲ್ಲ ಗುಳಿಯನ್ನೂ ತುಂಬಿಸಿ. ಅರ್ಧ ಖಾಲಿ ಅಚ್ಚನ್ನು ಬಿಗಿದರೆ ಒಂದು ಕಡೆ ವಾಲಿ ಗೂಟ ಮುರಿಯುತ್ತದೆ. 30–45 ನಿಮಿಷದ ನಂತರ ತೆಗೆದು, ಪ್ರತಿ ಕಟ್ಟನ್ನೂ ಕಾಲು ಸುತ್ತು ತಿರುಗಿಸಿ ಮತ್ತೆ ಅರ್ಧ ಗಂಟೆ ಒತ್ತಿ. ಇಲ್ಲದಿದ್ದರೆ ಹೋಳುಗಳ ಸಂದಿನ ಏಣು ಹಾಗೇ ಉಳಿದು ಹೊದಿಕೆ ಎಲೆಯಡಿ ಕಾಣುತ್ತದೆ.

ಈ ಹಂತದಲ್ಲೇ ಎಳೆದು ನೋಡಬೇಕು, ಹೊದಿಕೆ ಎಲೆ ಸುತ್ತುವ ಮೊದಲು. ಬೆಲೆಬಾಳುವ ಎಲೆಯೇ ಅದು. ಬಾಯಿ ಹಾಕಬೇಕಿಲ್ಲ. ಅಕ್ವೇರಿಯಮ್ಮಿನ ಪಾರದರ್ಶಕ ಕೊಳವೆಯನ್ನು ಯು ಆಕಾರಕ್ಕೆ ಬಗ್ಗಿಸಿ ನೀರು ತುಂಬಿ, ಅದರ ಒಂದು ತೋಳನ್ನು ಟಿ ಜೋಡಣೆಯಿಂದ ಕಟ್ಟಿಗೂ ಸಣ್ಣ ಪಂಪಿಗೂ ಸೇರಿಸಿದರೆ ನೀರಿನ ಮಟ್ಟದ ಅಂತರವೇ ಎಳೆತವನ್ನು ತೋರಿಸುತ್ತದೆ. ಚೆನ್ನಾಗಿ ಎಳೆಯುವ ಒಂದು ಸಿಗಾರ್‌ಗೆ ಎಷ್ಟು ಅಂತರ ಬಂತೆಂದು ಗುರುತು ಹಾಕಿಕೊಂಡು ಉಳಿದವನ್ನು ಅದಕ್ಕೆ ಹೋಲಿಸಿ. ಅಂತರ ತೀರಾ ಹೆಚ್ಚಾದರೆ ಬಿಚ್ಚಿ ಮತ್ತೆ ಕಟ್ಟಿ.

ಹೊದಿಕೆ ಎಲೆಯ ನರ ಎದ್ದಿರುವ ಬದಿ ಮೇಲಿರುವಂತೆ ಹಲಗೆಗೆ ಹರಡಿ, ಸುತ್ತಿದಾಗ ನರ ಒಳಗೆ ಹೋಗುತ್ತದೆ. ಅಂಚಿನ ಒರಟು ಪಟ್ಟಿ ಕತ್ತರಿಸಿ ತೆಗೆಯಿರಿ. ಎಲೆಯ ತುದಿ ಬೆಂಕಿ ಹಚ್ಚುವ ಕಡೆಗೆ ಬರಲಿ. 45 ಡಿಗ್ರಿ ಓರೆಯಲ್ಲಿ ಸುತ್ತುತ್ತಾ, ಪ್ರತಿ ಸುತ್ತೂ ಹಿಂದಿನದರ ಅಂಚನ್ನು 5–8 ಮಿಲಿಮೀಟರ್ ಮುಚ್ಚಬೇಕು. ಎಲೆಯ ಎಡ ಹೋಳು ಒಂದು ದಿಕ್ಕಿಗೆ ಸುತ್ತಿದರೆ ಬಲ ಹೋಳು ಎದುರು ದಿಕ್ಕಿಗೆ, ಆಗ ಮಾತ್ರ ನರಗಳು ಸಿಗಾರ್‌ನ ಉದ್ದಕ್ಕೆ ಮಲಗುತ್ತವೆ. ಎಡ ಬಲ ಹೋಳುಗಳನ್ನು ಮೊದಲೇ ಬೇರೆ ಬೇರೆ ಇಡಿ. ಸುರುಳಿಯ ಅಭ್ಯಾಸಕ್ಕೆ ಎಲೆ ಹಾಳುಮಾಡುವುದು ಬೇಡ, ಬೆಣ್ಣೆ ಕಾಗದದ ಪಟ್ಟಿ ಸಾಕು.

ತಲೆಯ, ಅಂದರೆ ಬಾಯಿಗಿಡುವ ತುದಿಯ, ಟೋಪಿಗೆ ಅದೇ ಎಲೆಯಿಂದ ಸಣ್ಣ ಬಿಲ್ಲೆ ಕತ್ತರಿಸಿ ಅಂಟಿಸಬೇಕು. ಹಿತ್ತಾಳೆ ಕೊಳವೆಯ ಹರಿತ ಮಾಡಿದ ತುಂಡು ಇದಕ್ಕೆ ಅಚ್ಚುಕಟ್ಟು. ಅಂಟಿಗೆ ಗ್ರಂಥಿಗೆ ಅಂಗಡಿಯ ಗೋಂದ್ ಕತೀರಾ. ಆ ಹೆಸರಿನಲ್ಲಿ ಎರಡು ಬೇರೆ ಗೋಂದುಗಳು ಮಾರಾಟವಾಗುತ್ತವೆ: ಟ್ರಾಗಕಾಂತ್ ಮತ್ತು ಕರಾಯ. ಕರಾಯ ಹಳೆಯದಾದರೆ ವಿನೆಗರ್ ವಾಸನೆ ಬರುತ್ತದೆ, ಮೂಸಿ ತನ್ನಿ. 100 ಮಿಲಿಲೀಟರ್ ನೀರಿಗೆ 2–3 ಗ್ರಾಂ ಪುಡಿ ಉದುರಿಸಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಲೋಳೆಯಾಗುತ್ತದೆ. ಫ್ರಿಜ್ಜಿನಲ್ಲಿ ಇಟ್ಟು ವಾರದೊಳಗೆ ಮುಗಿಸಿ. ಮೈದಾ ಅಂಟು ಬೇಡ, ಬೂಷ್ಟು ಹಿಡಿಯುತ್ತದೆ. ಗೋಂದನ್ನು ಸವರಿದಷ್ಟೇ ಹಚ್ಚಿ. ದಪ್ಪ ಬಳಿದರೆ ಒಣಗುವಾಗ ಎಲೆಯನ್ನು ಸೆಳೆದು ಸೀಳುತ್ತದೆ.

ಸಭಿಕರು ಕೇಳಿದ್ದು

ಹುಣಸೂರು, ಪಿರಿಯಾಪಟ್ಟಣದ ಎಲೆಯಲ್ಲಿ ಸಿಗಾರ್ ಆಗುವುದಿಲ್ಲವೇ ಎಂದು ಒಬ್ಬರು ಕೇಳಿದರು. ಅಲ್ಲಿ ಬೆಳೆಯುವುದು ವರ್ಜೀನಿಯಾ ತಂಬಾಕು. ಬ್ಯಾರನ್ ಎಂಬ ಒಣಗಿಸುವ ಮನೆಯ ಶಾಖದಲ್ಲಿ ವಾರದೊಳಗೆ ಹದಗೊಳಿಸುವುದರಿಂದ ಎಲೆಯಲ್ಲಿ ಸಕ್ಕರೆ ಉಳಿದು ಹಳದಿಯಾಗುತ್ತದೆ, ಹೊಗೆ ಆಮ್ಲೀಯ. ಅದು ಸಿಗರೇಟಿನ ಎಲೆ. ಸಿಗಾರ್ ಎಲೆಯನ್ನು ನೆರಳಿನ ಗಾಳಿಯಲ್ಲಿ ವಾರಗಟ್ಟಲೆ ಒಣಗಿಸಿ, ಆಮೇಲೆ ರಾಶಿ ಹಾಕಿ ಹುದುಗಿಸುತ್ತಾರೆ. ರಾಶಿ ತಾನಾಗಿ ಬಿಸಿಯೇರಿ ಅಮೋನಿಯಾ ಹೊರಹೋಗುತ್ತದೆ. ಹಾಗಾಗಿ ನಮ್ಮ ಜಿಲ್ಲೆಯ ಎಲೆ ಸುತ್ತಿದರೆ ಸಿಗಾರ್‌ನಂತೆ ಕಂಡೀತು, ಸಿಗಾರ್ ಆಗದು. ಭಾರತದಲ್ಲಿ ಸಿಗಾರ್ ಮತ್ತು ಚುಟ್ಟಾ ಎಲೆಗೆ ಹೆಸರಾದದ್ದು ತಮಿಳುನಾಡಿನ ದಿಂಡಿಗಲ್ ಸೀಮೆ, ಹೊದಿಕೆ ಎಲೆಗೆ ಪಶ್ಚಿಮ ಬಂಗಾಳದ ಕೂಚ್ ಬಿಹಾರ್.

ಸುತ್ತಿದ ಸಿಗಾರ್‌ಗಳನ್ನು ಗಂಧದ ಪೆಟ್ಟಿಗೆಯಲ್ಲಿ ಇಡಬಹುದೇ ಎಂದು ಇನ್ನೊಬ್ಬರು. ಬೇಡ. ಗಂಧ, ಕರ್ಪೂರ ಮುಂತಾದ ಗಾಢ ಪರಿಮಳದ ಮರ ಎಲೆಯ ವಾಸನೆಯನ್ನು ನುಂಗಿಹಾಕುತ್ತದೆ. ಹೊರದೇಶದಲ್ಲಿ ಬಳಸುವ ಸ್ಪ್ಯಾನಿಷ್ ಸೀಡರ್ ನಿಜಕ್ಕೂ ಬೇವಿನ ಕುಟುಂಬದ ಮರ. ಅದೇ ಕುಟುಂಬದ ನಮ್ಮ ಗಂಧಗರಿಗೆ ಮರ, ಅಂದರೆ ತೂನ್, ಇದಕ್ಕೆ ಒಪ್ಪುತ್ತದೆ. ಹೊಳಪು ಹಚ್ಚದೆ ಒಳಗೆ ಹಲಗೆ ಹಾಕಿಸಿ.

ಹೊಸದಾಗಿ ಸುತ್ತಿದ ಸಿಗಾರ್‌ನಲ್ಲಿ ನೀರಿನಂಶ ಹೆಚ್ಚು. 65 ಪ್ರತಿಶತ ತೇವಾಂಶದಲ್ಲಿ ಕನಿಷ್ಠ ಮೂರು ನಾಲ್ಕು ವಾರ ಇಟ್ಟರೆ ಎಲೆಗಳೆಲ್ಲ ಒಂದೇ ಹದಕ್ಕೆ ಬಂದು ಎಳೆತವೂ ಬಿಡುತ್ತದೆ. ತೇವಾಂಶ ಮಾಪಕವನ್ನು ನಂಬುವ ಮೊದಲು ಪರೀಕ್ಷಿಸಿ: ಬಾಟಲಿಯ ಮುಚ್ಚಳದಲ್ಲಿ ಉಪ್ಪಿಗೆ ಕೆಸರಾಗುವಷ್ಟು ನೀರು ಹಾಕಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ 12 ಗಂಟೆ ಇಡಿ. 75 ತೋರಿಸಬೇಕು. ಎಷ್ಟು ತಪ್ಪಿದೆಯೋ ಅಷ್ಟನ್ನು ಮುಂದೆ ಕೂಡಿಸಿ ಕಳೆಯಿರಿ. ಮಳೆಗಾಲದಲ್ಲಿ ಬೂಷ್ಟಿನ ಭಯವಿದ್ದರೆ, ವರ್ಷವಿಡೀ ತಂಬಾಕು ದುಂಬಿಯ ಭಯ. ಸೂಜಿ ಚುಚ್ಚಿದಂಥ ದುಂಡು ತೂತು ಕಂಡರೆ ಅದರದೇ ಕೆಲಸ. ಹೊಸ ಎಲೆ ಬಂದೊಡನೆ ಪಾಲಿಥೀನ್ ಚೀಲದಲ್ಲಿ ಕಟ್ಟಿ, –18 ಡಿಗ್ರಿಯ ಫ್ರೀಜರಿನಲ್ಲಿ ಮೂರು ದಿನ, ಆಮೇಲೆ ಫ್ರಿಜ್ಜಿನ ಕೆಳಭಾಗದಲ್ಲಿ ಒಂದು ದಿನ ಇಟ್ಟು ಹೊರತೆಗೆಯಿರಿ. ಚೀಲವನ್ನು ಎಲೆ ಪೂರ್ತಿ ಬೆಚ್ಚಗಾಗುವ ತನಕ ಬಿಚ್ಚಬೇಡಿ, ಇಲ್ಲದಿದ್ದರೆ ತಣ್ಣನೆಯ ಎಲೆಯ ಮೇಲೆ ನೀರು ಹನಿಗಟ್ಟುತ್ತದೆ.